ಕುಡಿಯದವರಿಗೆ ವೈನ್ ತೋಟದಲ್ಲಿ ಏನಿದೆ?

ಪ್ರಶ್ನೆ: ನಮ್ಮದು ಕುಷ್ಟಗಿ ಹತ್ತಿರದ ಹಳ್ಳಿ. ನಾಲ್ಕು ಎಕರೆ ದಾಳಿಂಬೆ ಇದೆ, ಉಳಿದದ್ದರಲ್ಲಿ ಉಳ್ಳಾಗಡ್ಡಿ, ಜೋಳ. ಮಗಳು, ಅಳಿಯ ಪುಣೆಯಲ್ಲಿದ್ದಾರೆ. ಫೆಬ್ರುವರಿಯಲ್ಲಿ ಎಲ್ಲರೂ ಸೇರಿ ನಾಸಿಕ್‌ನ ವೈನ್ ತೋಟಗಳಿಗೆ ಮೂರು ದಿನ ಹೋಗೋಣ ಅಂತ ಅಳಿಯಂದಿರು ರೂಮ್ ಬುಕ್ ಮಾಡಿದ್ದಾರೆ. ಬೀಗರೂ ಬರುತ್ತಾರೆ. ನಾವಿಬ್ಬರೂ ಲಿಂಗ ಕಟ್ಟಿಕೊಂಡವರು, ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. "ಹೆಂಡದಂಗಡಿ ನೋಡೋಕೆ ಅಷ್ಟು ದೂರ ಹೋಗಬೇಕಾ?" ಅಂತ ನಮ್ಮ ಯಜಮಾನರು ಕೇಳುತ್ತಿದ್ದಾರೆ. ನನಗೆ ಹೋಗುವ ಆಸೆ ಇದೆ. ಆದರೆ ಅಲ್ಲಿ ನಮ್ಮಂಥವರಿಗೆ ಏನಿದೆ? ಬೀಗರ ಮುಂದೆ ಮುಜುಗರ ಆಗದ ಹಾಗೆ ಹೇಗಿರಬೇಕು?

ಉತ್ತರ: ಅಕ್ಕ, ಹೋಗಿ ಬನ್ನಿ. ಯಜಮಾನರನ್ನೂ ಬಿಡದೆ ಕರೆದುಕೊಂಡು ಹೋಗಿ.

ನಾನು ಕೊಪ್ಪಳದವನು. ದ್ರಾಕ್ಷಿ ಬೆಳೆಯ ಸಲಹೆಗಾರನಾಗಿ ಇಪ್ಪತ್ತೆರಡು ವರ್ಷದಿಂದ ವಿಜಯಪುರ, ಬಾಗಲಕೋಟೆ, ನಾಸಿಕ್ ಅಂತ ಓಡಾಡುತ್ತಿದ್ದೇನೆ. ಅದರಲ್ಲಿ ಅರ್ಧ ಕೆಲಸ ವೈನ್ ದ್ರಾಕ್ಷಿಯದ್ದೇ. ಇಲ್ಲಿಯವರೆಗೆ ಒಂದು ಗುಟುಕು ವೈನ್ ಕುಡಿದಿಲ್ಲ. ಸಾರಾಯಿ ಒಂದು ಮನೆಗೆ ಏನು ಮಾಡುತ್ತದೆ ಅಂತ ಚಿಕ್ಕವನಿದ್ದಾಗಲೇ ನೋಡಿದ್ದೆ. 2007ರಲ್ಲಿ ಸರ್ಕಾರ ಸಾರಾಯಿ ಬಂದ್ ಮಾಡಿದ ದಿನ ನಮ್ಮವ್ವ ದೇವರಿಗೆ ಕಾಯಿ ಒಡೆಸಿದ್ದಳು. ಹೀಗಿದ್ದೂ ಪ್ರತಿ ವರ್ಷ ಕೊಯ್ಲಿನ ಕಾಲಕ್ಕೆ ನಾಸಿಕ್‌ಗೆ ಹೊರಟರೆ ನನಗೆ ಗವಿಮಠದ ಜಾತ್ರೆಗೆ ಹೊರಟಷ್ಟೇ ಹಿಗ್ಗು. ಆದ್ದರಿಂದ ಯಜಮಾನರ ಪ್ರಶ್ನೆಗೆ ಉತ್ತರ ಕೊಡಬಲ್ಲೆ ಅಂದುಕೊಂಡಿದ್ದೇನೆ.

ನೀವು ಹೋಗುತ್ತಿರುವುದು ಹೊಲಕ್ಕೆ. ಬಾಟಲಿ ತೆರೆಯುವ ಕೋಣೆ ಆ ಜಾಗದ ಒಂದು ಮೂಲೆಯಲ್ಲಿ ಇರುತ್ತದೆ, ಅಷ್ಟೇ. ಉಳಿದದ್ದೆಲ್ಲ ನಿಮಗೆ ಗೊತ್ತಿರುವ ಕೆಲಸ: ಸಾಲು, ಡ್ರಿಪ್, ಚಾಟ್ನಿ (ಬಳ್ಳಿ ಸವರುವುದು), ಔಷಧ, ಆಳು, ಮೋಡ ಕಂಡರೆ ಎದೆ ಢವಗುಟ್ಟುವುದು. ಪೇಟೆಯಿಂದ ಬಂದವರು ಅದನ್ನು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನೀವಿಬ್ಬರೂ ಅಲ್ಲಿ ನಿಂತು ನೋಡುತ್ತೀರಿ.

ಯಜಮಾನರಿಗೆ ಈ ಒಂದು ವಿಷಯ ಹೇಳಿ. ದಾಳಿಂಬೆಗೆ ಬೋರ್ಡೋ ಹೊಡೆಯುತ್ತೀರಿ ಅಲ್ವಾ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ಅನ್ನುವುದು ಫ್ರಾನ್ಸ್ ದೇಶದ ಒಂದು ಊರು. ಅದರ ಸುತ್ತಲಿನ ಸೀಮೆ ವೈನ್‌ಗೆ ಲೋಕದಲ್ಲೇ ಹೆಸರಾದದ್ದು. ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು ಅಂತ ಅಲ್ಲಿನ ರೈತರು ದಾರಿ ಪಕ್ಕದ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಬಣ್ಣ ಕಂಡವರು ವಿಷ ಅಂದುಕೊಂಡು ಮುಟ್ಟುತ್ತಿರಲಿಲ್ಲ. 1880ರ ದಶಕದಲ್ಲಿ ದಾವಣಿ ರೋಗ ಬಂದು ತೋಟಗಳ ಎಲೆ ಉದುರಿದಾಗ, ಎರಚಿದ ಆ ಸಾಲುಗಳು ಮಾತ್ರ ಹಸಿರಾಗಿ ನಿಂತಿದ್ದವು. ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಅದನ್ನು ಗಮನಿಸಿದರು, ಪ್ರಯೋಗ ಮಾಡಿದರು, 1885ರಲ್ಲಿ ಪ್ರಕಟಿಸಿದರು. ಇವತ್ತು ನಿಮ್ಮ ದಾಳಿಂಬೆಯ ಅಂಗಮಾರಿಗೆ ನೀವು ಹೊಡೆಯುವುದು ಅದನ್ನೇ. ವೈನ್ ಸೀಮೆಯ ಋಣ ನಿಮ್ಮ ಹೊಲದ ಮೇಲೆ ಮೊದಲೇ ಇದೆ, ಅಕ್ಕ.

ಕಾರಿನಲ್ಲಿ ಹೋಗುವುದಾದರೆ ದಾರಿಯಲ್ಲೇ ಪ್ರವಾಸ ಶುರು ಮಾಡಿ. ಕುಷ್ಟಗಿಯಿಂದ ಇಳಕಲ್, ವಿಜಯಪುರ, ಸೊಲ್ಲಾಪುರ, ಅಲ್ಲಿಂದ ಪುಣೆ. ವಿಜಯಪುರದ ಕಡೆ ಆ ಹೊತ್ತಿಗೆ ಮಣೂಕ (ಒಣದ್ರಾಕ್ಷಿ) ಮಾಡುವ ಶೆಡ್‌ಗಳು ಏಳುತ್ತಿರುತ್ತವೆ. ಹಸಿರು ನೆರಳು ಬಲೆಯ ಕೆಳಗೆ ಮಹಡಿ ಮಹಡಿಯಾಗಿ ಹಣ್ಣು ಹರಡಿರುತ್ತಾರೆ. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ. ಸೊಲ್ಲಾಪುರದಲ್ಲಿ ಪುಣೆ ರಸ್ತೆಗೆ ಕೇಗಾಂವ್ ಅನ್ನುವಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ, 2005ರಲ್ಲಿ ಶುರುವಾದದ್ದು. ಮೊದಲೇ ಫೋನ್ ಮಾಡಿ ಕೇಳಿಕೊಂಡು ಅರ್ಧ ದಿನ ಅಲ್ಲಿ ಕಳೆಯಿರಿ. ಅದೊಂದು ಸಿಕ್ಕರೆ ಯಜಮಾನರ ಗೊಣಗಾಟ ಪುಣೆ ಮುಟ್ಟುವ ಮೊದಲೇ ನಿಲ್ಲುತ್ತದೆ ಅನ್ನುವುದು ನನ್ನ ನಂಬಿಕೆ.

ಇನ್ನು ನಾಸಿಕ್. ಫೆಬ್ರುವರಿ ಬಹಳ ಒಳ್ಳೆಯ ಕಾಲ, ಕೊಯ್ಲು ಜೋರಾಗಿರುತ್ತದೆ. ಯುರೋಪಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಕೊಯ್ಯುತ್ತಾರೆ. ನಮ್ಮಲ್ಲಿ ಆಗ ಮಳೆ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಚಾಟ್ನಿ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಇನ್ನೊಂದು. ಅಲ್ಲಿ ಚಳಿಗಾಲವಿಡೀ ಮಲಗುವ ಬಳ್ಳಿಯನ್ನು ಇಲ್ಲಿ ಕತ್ತರಿ ಹಿಡಿದು ನಡೆಸುತ್ತಾರೆ.

ಅಳಿಯಂದಿರಿಗೆ ಹೇಳಿ ಒಂದು ದಿನವಾದರೂ ಬೆಳಗ್ಗೆ ಆರೂವರೆಗೆ ತೋಟದಲ್ಲಿರಿ. ಕುಡಿಯಲು ಬಂದವರು ಆ ಹೊತ್ತಿಗೆ ಎದ್ದಿರುವುದಿಲ್ಲ. ಬಿಸಿಲೇರಿದರೆ ಹಣ್ಣು ಬಿಸಿಯಾಗಿ ಬುಟ್ಟಿಯಲ್ಲೇ ಹುಳಿಯಲು ಶುರುವಾಗುತ್ತದೆ, ಅದಕ್ಕೆ ಕೊಯ್ಯುವವರು ನಸುಕಿನಲ್ಲೇ ಸಾಲಿಗೆ ಇಳಿಯುತ್ತಾರೆ. ಎಲೆ ಮೇಲೆ ಇಬ್ಬನಿ, ಕತ್ತರಿಯ ಟಕ್ ಟಕ್ ಸದ್ದು, ಪ್ಲಾಸ್ಟಿಕ್ ಕ್ರೇಟ್ ಎಳೆಯುವ ಸದ್ದು. ನನಗೆ ಇಡೀ ವರ್ಷದಲ್ಲಿ ಅತಿ ಇಷ್ಟದ ಹೊತ್ತು ಅದು.

ಅಲ್ಲಿ ಬಳ್ಳಿ ಹಬ್ಬಿಸಿದ ರೀತಿ ಮೊದಲು ನೋಡಿ. ನಮ್ಮ ಕಡೆ ತಿನ್ನುವ ದ್ರಾಕ್ಷಿಯ ಹಾಗೆ ತಲೆ ಮೇಲಿನ ಚಪ್ಪರ ಇರುವುದಿಲ್ಲ. ತಂತಿ ಬೇಲಿಯ ಹಾಗೆ ನೆಟ್ಟಗೆ ನಿಲ್ಲಿಸಿರುತ್ತಾರೆ, ಗೊಂಚಲು ಸೊಂಟದ ಎತ್ತರಕ್ಕೆ ತೂಗುತ್ತದೆ. ಹಣ್ಣು ನೋಡಿದರೆ ನಿಮಗೆ "ಇದೇನು, ಬೆಳೆ ಕೈಕೊಟ್ಟಿದೆಯಾ?" ಅನಿಸಬಹುದು. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಥಾಂಪ್ಸನ್, ಸೋನಾಕದಂಥ ತಿನ್ನುವ ತಳಿ ಬೆಳೆಯುವವರು ಕಾಳು ದೊಡ್ಡದಾಗಲಿ ಅಂತ ಜಿ.ಎ. (ಜಿಬ್ಬರೆಲಿಕ್ ಆಮ್ಲ ಅನ್ನುವ ಬೆಳವಣಿಗೆ ಚೋದಕ) ಕೊಡುತ್ತಾರೆ. ಇಲ್ಲಿ ಬೇಕಂತಲೇ ಸಣ್ಣದಿಡುತ್ತಾರೆ, ಇಳುವರಿಯನ್ನೂ ಬೇಕಂತಲೇ ತಗ್ಗಿಸುತ್ತಾರೆ. ವೈನ್‌ನ ಬಣ್ಣವೂ ಒಗರೂ ಸಿಪ್ಪೆಯಲ್ಲಿರುವುದು. ಕಾಳು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆ ಜಾಸ್ತಿ. ಮನೆಯಲ್ಲೇ ಒಂದು ಕಪ್ಪು ದ್ರಾಕ್ಷಿ ಸುಲಿದು ಹಿಂಡಿ ನೋಡಿ, ರಸಕ್ಕೆ ಬಣ್ಣವೇ ಇರುವುದಿಲ್ಲ.

ಒಂದು ಕಾಳು ತಿನ್ನಲು ಕೇಳಿ. ಕೇಳದೆ ಕೀಳಬೇಡಿ, ಔಷಧ ಹೊಡೆದು ಎಷ್ಟು ದಿನವಾಯಿತು ಅಂತ ಅವರಿಗೇ ಗೊತ್ತು, ತೊಳೆದೇ ತಿನ್ನಬೇಕು. ಬಾಯಿಗೆ ಹಾಕಿದಾಗ ಎಷ್ಟು ಸಿಹಿ ಅಂತ ಬೆಚ್ಚುತ್ತೀರಿ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಅಂಶ ಸುಮಾರು 18ರಿಂದ 20 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಹೆಚ್ಚುಕಡಿಮೆ ಅಷ್ಟು ಗ್ರಾಂ ಸಕ್ಕರೆ. ಕೆಂಪು ವೈನ್ ಮಾಡುವ ಹಣ್ಣನ್ನು 22ರಿಂದ 24ಕ್ಕೆ ಬರುವವರೆಗೆ ಬಳ್ಳಿಯಲ್ಲೇ ಬಿಡುತ್ತಾರೆ. ಮೇಲ್ವಿಚಾರಕರ ಜೇಬಿನಲ್ಲಿ ಸಣ್ಣ ಕೊಳವೆಯಂಥ ರಿಫ್ರಾಕ್ಟೋಮೀಟರ್ ಇರುತ್ತದೆ. ಅದರ ಗಾಜಿನ ಮೇಲೆ ಒಂದು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಆಮೇಲೆ ಬೀಜ ಉಗುಳಬೇಡಿ. ಕೈಗೆ ತೆಗೆದುಕೊಂಡು ನೋಡಿ. ಹಸಿರಿದ್ದರೆ ಹಣ್ಣು ಇನ್ನೂ ಎಳೆಯದು. ಕಂದು ಬಣ್ಣಕ್ಕೆ ತಿರುಗಿ, ಹಲ್ಲಿಗೆ ಹುರಿದ ಕಾಳಿನ ಹಾಗೆ ಕಟುಂ ಅಂದರೆ ಕೊಯ್ಲಿಗೆ ಬಂದಿದೆ ಅಂತ ಅರ್ಥ. ಯಾವ ದಿನ ಕೊಯ್ಯಬೇಕು ಅಂತ ನಿರ್ಧರಿಸುವಾಗ ನಾವು ಉಪಕರಣದ ಅಂಕಿಯ ಜೊತೆ ಇದನ್ನೂ ನಂಬುತ್ತೇವೆ. ನನ್ನ ಕೆಲಸದ ಮುಖ್ಯ ರುಚಿ ನೋಡುವಿಕೆ ಇದೇ. ಇದಕ್ಕೆ ವೈನ್ ಬೇಕಿಲ್ಲ.

ಹಣ್ಣು ತೋಟದಿಂದ ಒಳಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನೂ ನೋಡಿ. ದೊಡ್ಡ ತೋಟಗಳಲ್ಲಿ ಕರೆದುಕೊಂಡು ಹೋಗಿ ವಿವರಿಸುವ ವ್ಯವಸ್ಥೆ ಇದೆ. ಉಕ್ಕಿನ ಟ್ಯಾಂಕುಗಳ ಸಾಲಿನಲ್ಲಿ ರಸ ಹುದುಗುತ್ತಿರುತ್ತದೆ. ದೋಸೆ ಹಿಟ್ಟು ಉಬ್ಬುವಾಗಲೂ ಕಣ್ಣಿಗೆ ಕಾಣದ ಜೀವಿಗಳೇ ಕೆಲಸ ಮಾಡುತ್ತವೆ. ಇಲ್ಲಿ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆ ಗಾಳಿ ಭಾರ, ಕೆಳಗೇ ಕೂರುತ್ತದೆ. ನಮ್ಮ ಹಿರಿಯರು ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು ಅಲ್ವಾ? ದೀಪ ಆರಿದರೆ ಇಳಿಯುತ್ತಿರಲಿಲ್ಲ. ಇಲ್ಲೂ ಅದೇ ಅಪಾಯ. ಮೊಮ್ಮಕ್ಕಳಿದ್ದರೆ ಟ್ಯಾಂಕಿನೊಳಗೆ ಇಣುಕಲು ಬಿಡಬೇಡಿ.

ಖಾಲಿ ಮಾಡಿದ ಟ್ಯಾಂಕಿನ ಒಳಗೋಡೆಗೆ ಕಲ್ಲುಸಕ್ಕರೆಯಂಥ ಹರಳು ಅಂಟಿರುತ್ತವೆ. ಕಾರ್ಖಾನೆಯವರು ಕೆರೆದು ತೆಗೆದದ್ದು ಇದ್ದರೆ ತೋರಿಸಿ ಅನ್ನಿ. ಅದು ಟಾರ್ಟಾರಿಕ್ ಆಮ್ಲದ ಲವಣ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು. ಮೊದಲ ಸಲ ಇದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಣ್ಣುಗಳಲ್ಲಿ ಈ ಆಮ್ಲ ಇಷ್ಟು ಜಾಸ್ತಿ ಇರುವುದು ಅಪರೂಪ. ಫ್ರಾನ್ಸಿನ ದ್ರಾಕ್ಷಿಗೂ ನಮ್ಮ ಹೊಲದ ಬದುವಿನ ಹುಣಸೆಮರಕ್ಕೂ ಅಂಥ ನಂಟು. ಹಾಗೆಯೇ ವೈನ್ ಬಗ್ಗೆ ಮಾತಾಡುವವರು ಪದೇ ಪದೇ "ಟ್ಯಾನಿನ್" ಅನ್ನುತ್ತಾರೆ. ಹೆದರಬೇಡಿ, ಅದು ನಮ್ಮ ಒಗರು. ಅಡಿಕೆ ಅಗಿದಾಗ, ನೇರಳೆಹಣ್ಣು ತಿಂದಾಗ ನಾಲಿಗೆ ಹಿಡಿದ ಹಾಗಾಗುತ್ತದಲ್ಲ, ಅದೇ.

ಓಕ್ ಮರದ ಪೀಪಾಯಿಗಳ ಕೋಣೆಗೆ ಹೋದಾಗ ಮಾತು ನಿಲ್ಲಿಸಿ ಸುಮ್ನೆ ಉಸಿರೆಳೆದುಕೊಳ್ಳಿ. ಪೀಪಾಯಿ ಮಾಡುವಾಗ ಒಳಭಾಗವನ್ನು ಬೆಂಕಿಯಲ್ಲಿ ಸುಡುತ್ತಾರೆ. ಮರದಿಂದ ವೆನಿಲ್ಲಾ ವಾಸನೆ ಬರುತ್ತದೆ. ಅಲ್ಲೇ ಒಂದು ಬಿರಡೆ ಕೈಗೆ ಸಿಕ್ಕರೆ ತಿರುಗಿಸಿ ನೋಡಿ. ಅದು ಕಾರ್ಕ್ ಓಕ್ ಅನ್ನುವ ಮರದ ತೊಗಟೆ, ಹೆಚ್ಚಾಗಿ ಪೋರ್ಚುಗಲ್‌ನಿಂದ ಬರುತ್ತದೆ. ಮರ ಕಡಿಯುವುದಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಮೊದಲ ತೊಗಟೆ ಸುಲಿಯಲು ಮರಕ್ಕೆ ಸುಮಾರು 25 ವರ್ಷ ಆಗಿರಬೇಕು. ಮೊಮ್ಮಕ್ಕಳಿಗೆ ಅಂತ ಮರ ನೆಡುವ ನಮ್ಮವರಿಗೆ ಈ ಲೆಕ್ಕ ಅರ್ಥವಾಗುತ್ತದೆ.

ಈಗ ನಿಮ್ಮ ಮುಜುಗರದ ವಿಷಯಕ್ಕೆ ಬರುತ್ತೇನೆ.

ನೋಡಿ ಮುಗಿದ ಮೇಲೆ ಎಲ್ಲರನ್ನೂ ರುಚಿ ನೋಡುವ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಕಡೆ ಬೀಗರು ಕೊಟ್ಟದ್ದನ್ನು ಬೇಡ ಅನ್ನುವುದು ಕಷ್ಟ, ಅದು ನನಗೆ ಗೊತ್ತು. ಅದಕ್ಕೆ ಕೊಡುವ ಘಳಿಗೆ ಬರುವ ಮೊದಲೇ ಕೆಲಸ ಮುಗಿಸಿ. ಮಗಳ ಮೂಲಕ ಅಳಿಯಂದಿರಿಗೆ ಈಗಲೇ ತಿಳಿಸಿ. ಟಿಕೆಟ್ ತೆಗೆಯುವಾಗ ನಿಮ್ಮಿಬ್ಬರಿಗೆ ತೋಟ, ಕಾರ್ಖಾನೆ ಮಾತ್ರ ಸಾಕು, ರುಚಿ ಬೇಡ ಅಂತ ಕೇಳಲಿ. ಕೋಣೆಗೆ ಹೋದ ಕೂಡಲೇ ದ್ರಾಕ್ಷಿ ರಸವೋ, ನಿಂಬೆ ಸೋಡಾವೋ ತರಿಸಿ ಕೈಯಲ್ಲಿ ಹಿಡಿದುಕೊಳ್ಳಿ. ಕೈಯಲ್ಲಿ ತುಂಬಿದ ಲೋಟ ಇದ್ದವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಎಲ್ಲರೂ ಲೋಟ ತಾಗಿಸುವಾಗ ನೀವೂ ತಾಗಿಸಿ. ಯಾರಾದರೂ ಕೊಟ್ಟೇಬಿಟ್ಟರೆ "ನಾವು ತಗೊಳ್ಳೋದಿಲ್ರಿ, ನೀವು ತಗೊಳ್ರಿ" ಅಂತ ಒಂದು ಸಲ ನಗುತ್ತಾ ಹೇಳಿದರೆ ಸಾಕು. ಕಾರಣ ವಿವರಿಸಲು ಹೋಗಬೇಡಿ. ವಿವರಿಸಿದರೆ ಅವರು ತಪ್ಪು ಮಾಡುತ್ತಿದ್ದಾರೆ ಅಂತ ನೀವು ಹೇಳಿದ ಹಾಗೆ ಕೇಳಿಸುತ್ತದೆ, ಮಾತು ಬೆಳೆಯುತ್ತದೆ.

ವೈನ್ ಪರೀಕ್ಷಿಸುವುದೇ ಕೆಲಸವಾದವರು ಬಾಯಿಗೆ ಹಾಕಿ ಉಗುಳುತ್ತಾರೆ, ಅದಕ್ಕೆ ಪಾತ್ರೆ ಇಟ್ಟಿರುತ್ತಾರೆ. ನಾನು ಅದನ್ನೂ ಮಾಡುವುದಿಲ್ಲ, ಮೂಸಿ ನೋಡುತ್ತೇನೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ. ಉಳಿದದ್ದನ್ನು ಮೂಗು ಹೇಳುತ್ತದೆ. ಶಿರಾಜ್ ಅನ್ನುವ ಕೆಂಪು ವೈನ್‌ನಲ್ಲಿ ಕಾಳುಮೆಣಸಿನ ವಾಸನೆ ಸಿಗುತ್ತದೆ. ಕಾಳುಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಅನ್ನುವ ವಸ್ತುವೇ ಆ ಹಣ್ಣಿನ ಸಿಪ್ಪೆಯಲ್ಲೂ ಇದೆ. ಸಾವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್‌ನಲ್ಲಿ ಆಗತಾನೆ ಹೆಚ್ಚಿದ ದೊಣ್ಣೆ ಮೆಣಸಿನಕಾಯಿ ವಾಸನೆ. ದಿನಾ ಮಸಾಲೆ ಡಬ್ಬಿ ಮುಟ್ಟುವ ನಿಮ್ಮ ಮೂಗು ಇದನ್ನು ಅಳಿಯಂದಿರಿಗಿಂತ ಮೊದಲು ಹಿಡಿಯುತ್ತದೆ. ಆದರೆ ಲಿಂಗಧಾರಿಗಳು, ಮೂಸುವುದೂ ಬೇಡ ಅಂತ ನಿಮ್ಮ ಮನಸ್ಸು ಹೇಳಿದರೆ ಬೇಡ. ಪೀಪಾಯಿ ಕೋಣೆಯ ಗಾಳಿಯಲ್ಲೇ ಅರ್ಧ ಸಿಕ್ಕಿರುತ್ತದೆ.

ಬಾಟಲಿ ಮೇಲೆ "ಆಲ್ಕೋಹಾಲ್ ರಹಿತ" ಅಂತ ಬರೆದಿರುವ ವೈನ್ ಕೊಟ್ಟರೆ ಚೀಟಿ ಓದಿಸಿ. ಅಂಥದ್ದರಲ್ಲೂ ಶೇ. 0.5ರವರೆಗೆ ಇರಬಹುದು. ಶುದ್ಧ ಹಣ್ಣಿನ ರಸ ಬೇರೆ, ಇದು ಬೇರೆ. ಊಟದಲ್ಲೂ ಕೇಳಿ ತಿನ್ನಿ. ಕೆಲವು ಸಾಸ್‌ಗಳಿಗೆ, ಕೇಕ್‌ಗಳಿಗೆ ವೈನ್ ಹಾಕಿರುತ್ತಾರೆ. ಕುದಿಸಿದರೆ ಎಲ್ಲಾ ಆವಿಯಾಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ನಿಮ್ಮ ಕಡೆಯವರಲ್ಲೋ ಬೀಗರ ಕಡೆಯವರಲ್ಲೋ ಕುಡಿತ ಬಿಟ್ಟು ಹೊಸದಾಗಿ ಸುಧಾರಿಸಿಕೊಳ್ಳುತ್ತಿರುವವರು ಇದ್ದರೆ, ಅವರನ್ನು ಈ ಪ್ರವಾಸಕ್ಕೆ ಕರೆಯಬೇಡಿ. ನಾನು ಹೇಳಿದ ಎಲ್ಲಾ ಚಂದವೂ ಅವರಿಗೆ ಬೇರೆಯೇ ರೀತಿ ಕಾಣುತ್ತದೆ. ಆ ವಾಸನೆ, ಆ ನಗು, ಲೋಟದ ಸದ್ದು ಅವರಿಗೆ ಭಾರ. ಅವರಿಗಾಗಿ ಇಡೀ ಪ್ರವಾಸವನ್ನೇ ಬೇರೆ ಊರಿಗೆ ತಿರುಗಿಸಿದರೂ ತಪ್ಪಿಲ್ಲ.

ಯಾವ ತೋಟಕ್ಕೆ ಹೋಗಬೇಕು? ಗಂಗಾಪುರ ಅಣೆಕಟ್ಟಿನ ಹತ್ತಿರದ ಸುಲಾ ಎಲ್ಲರಿಗೂ ಗೊತ್ತು. ರಾಜೀವ್ ಸಾಮಂತ್ ಅವರು 1990ರ ದಶಕದಲ್ಲಿ ಮನೆತನದ ಜಮೀನಿನಲ್ಲಿ ಶುರು ಮಾಡಿದ್ದು, ಮೊದಲ ವೈನ್ ಬಂದದ್ದು 2000ದಲ್ಲಿ. ತಾಯಿ ಸುಲಭಾ ಅವರ ಹೆಸರಿನಿಂದ ಸುಲಾ ಆಯಿತು. ಕೊಯ್ಲಿನ ಕಾಲದಲ್ಲಿ ಅಲ್ಲಿ ತೊಟ್ಟಿಗಿಳಿದು ದ್ರಾಕ್ಷಿ ತುಳಿಯಲು ಬಿಡುತ್ತಾರೆ. ಬೀಗಿತ್ತಿಯವರನ್ನೂ ಎಳೆದುಕೊಂಡು ಇಳಿಯಿರಿ, ಆದರೆ ಹಳೆ ಸೀರೆ ಇರಲಿ, ಕಪ್ಪು ದ್ರಾಕ್ಷಿಯ ಕಲೆ ಹೋಗುವುದಿಲ್ಲ. ಪಕ್ಕದಲ್ಲೇ ಯಾರ್ಕ್ ಇದೆ, ಚಿಕ್ಕದು. ನನ್ನ ಸಲಹೆ: ದೊಡ್ಡದೊಂದು, ಚಿಕ್ಕದೊಂದು, ಎರಡೇ ಸಾಕು. ಶನಿವಾರ, ಭಾನುವಾರ ಹೋಗಬೇಡಿ. ಗದ್ದಲದಲ್ಲಿ ಯಾರೂ ನಿಮ್ಮ ಪ್ರಶ್ನೆಗೆ ನಿಂತು ಉತ್ತರ ಹೇಳುವುದಿಲ್ಲ. ಸಂಗೀತ ಉತ್ಸವ ಇರುವ ದಿನಗಳನ್ನಂತೂ ತಪ್ಪಿಸಿ.

ಉಳಿದ ಹೊತ್ತಿಗೆ ಏನೂ ಕೊರತೆ ಇಲ್ಲ. ತ್ರ್ಯಂಬಕೇಶ್ವರ, ಪಂಚವಟಿ ನಿಮಗೆ ಹೇಳಬೇಕಾಗಿಲ್ಲ. ಕಾಳಾರಾಮ ಗುಡಿಗೆ ಹೋದಾಗ, 1930ರಲ್ಲಿ ಆ ಬಾಗಿಲಿನ ಮುಂದೆ ಅಂಬೇಡ್ಕರ್ ಅವರು ಪ್ರವೇಶಕ್ಕಾಗಿ ಸತ್ಯಾಗ್ರಹ ನಡೆಸಿದ್ದನ್ನು ನೆನೆಯಿರಿ. ಪಾಂಡವಲೇಣಿಯಲ್ಲಿ ಶಾತವಾಹನರ ಕಾಲದ ಬೌದ್ಧ ಗುಹೆಗಳಿವೆ, ಮೆಟ್ಟಿಲು ಹತ್ತಬೇಕು. ನಿಫಾಡ್ ಕಡೆ ಹೋದರೆ ನಾಂದೂರ್ ಮಧ್ಯಮೇಶ್ವರದಲ್ಲಿ ಚಳಿಗಾಲದ ಹಕ್ಕಿಗಳು. ಅದೇ ತಾಲೂಕಿನಲ್ಲಿ ಲಾಸಲಗಾಂವ್‌ನ ಉಳ್ಳಾಗಡ್ಡಿ ಮಾರುಕಟ್ಟೆ ಇದೆ. ಉಳ್ಳಾಗಡ್ಡಿ ಬೆಳೆಯುವ ಯಜಮಾನರು ಆ ಹೆಸರನ್ನು ದಿನಾ ಕೇಳಿರುತ್ತಾರೆ. ನಮ್ಮ ರೇಟು ಏರುವುದೂ ಇಳಿಯುವುದೂ ಆ ಮಾರುಕಟ್ಟೆ ನೋಡಿಕೊಂಡೇ ಅಲ್ವಾ? ಹರಾಜಿನ ಹೊತ್ತಿಗೆ ಒಂದು ಗಂಟೆ ಅಲ್ಲಿ ನಿಲ್ಲಿಸಿ.

ಗಾಡಿ ವಿಷಯ. ನೀವಿಬ್ಬರೂ ಕುಡಿಯದವರಾದ್ದರಿಂದ ಸ್ಟೇರಿಂಗ್ ನಿಮ್ಮ ಯಜಮಾನರ ಕೈಗೆ ಬರುತ್ತದೆ. ಒಂದು ದಿನ ಸರಿ. ಮೂರು ದಿನವೂ ಅವರೇ ಡ್ರೈವರ್ ಆದರೆ ಪ್ರವಾಸ ಅವರದ್ದಾಗುವುದಿಲ್ಲ. ಬಾಡಿಗೆ ಗಾಡಿ ಮಾಡಲು ಅಳಿಯಂದಿರಿಗೆ ಹೇಳಿ.

ಬರುವಾಗ ಮಣೂಕ ತನ್ನಿ, ಎಷ್ಟು ಬೇಕಾದರೂ. ಬಳ್ಳಿಯ ಕಡ್ಡಿ ಮಾತ್ರ ತರಬೇಡಿ. ರೈತರಿಗೆ ಎಲ್ಲಿ ಹೋದರೂ ಒಂದು ಕಡ್ಡಿ ಮುರಿದು ಚೀಲಕ್ಕೆ ಹಾಕಿಕೊಳ್ಳುವ ಆಸೆ, ನನಗೂ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ತಂದ ಬಳ್ಳಿಗಳ ಬೇರಿನಲ್ಲಿ ಫಿಲಾಕ್ಸೆರಾ ಅನ್ನುವ ಸಣ್ಣ ಹುಳ ಫ್ರಾನ್ಸಿಗೆ ಬಂತು, ಆ ದೇಶದ ತೋಟಗಳನ್ನು ನೆಲಸಮ ಮಾಡಿತು. ಕೊನೆಗೆ ಹುಳಕ್ಕೆ ಜಗ್ಗದ ಅಮೆರಿಕದ ಬೇರಿಗೇ ತಮ್ಮ ತಳಿಯನ್ನು ಕಸಿ ಕಟ್ಟಿ ಉಳಿಸಿಕೊಂಡರು. ನಮ್ಮಲ್ಲಿ ಉಪ್ಪು ನೆಲಕ್ಕೆ, ನೀರಿನ ಕೊರತೆಗೆ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುತ್ತೇವಲ್ಲ, ಅದೂ ಅಮೆರಿಕದ ಬಳ್ಳಿಯೇ.

ನಾಸಿಕ್‌ನಿಂದ ಬಂದ ಮೇಲೆ ಇನ್ನೂ ನೋಡಬೇಕು ಅನಿಸಿದರೆ ದೂರ ಹೋಗಬೇಕಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಕ್ರಸ್ಮಾ ಅನ್ನುವವರ ವೈನ್ ದ್ರಾಕ್ಷಿ ತೋಟ ಇದೆ. ಬಾಟಲಿ ಮೇಲೆ "ಹಂಪಿ ಹಿಲ್ಸ್" ಅಂತ ಹೆಸರು ಹಾಕಿ ಮಾರುತ್ತಾರೆ. ನೋಡಲು ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಹೊರಡುವ ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಜಾಸ್ತಿಯೇ ಕಟ್ಟಿಕೊಳ್ಳಿ. ಕಟಕ ರೊಟ್ಟಿಯಾದರೆ ವಾರ ಕೆಡುವುದಿಲ್ಲ. ತೋಟದಲ್ಲಿ ನಸುಕಿಗೆ ಸಾಲಿಗಿಳಿದ ಹೆಣ್ಣುಮಕ್ಕಳು ಬಿಸಿಲೇರುವ ಹೊತ್ತಿಗೆ ಬೇವಿನ ನೆರಳಲ್ಲಿ ಕೂತು ಭಾಕ್ರಿ, ಠೇಚಾ ಬಿಚ್ಚುತ್ತಾರೆ. ಆಗ ನಿಮ್ಮ ಬುತ್ತಿಯೂ ಕೈಯಲ್ಲಿರಲಿ. ಮರಾಠಿ ಬರದಿದ್ದರೂ ಪರವಾಗಿಲ್ಲ, ಖಾರ ಬದಲಾಯಿಸಿಕೊಳ್ಳಲು ಭಾಷೆ ಬೇಕಾಗುವುದಿಲ್ಲ. ಈ ಸಲದ ಹಣ್ಣು ಹೇಗೆ, ಕೂಲಿ ಎಷ್ಟು ಅಂತ ಅವರನ್ನೇ ಕೇಳಿ.